ನನಗಿಂತ ಮೊದಲು ಹೊರಟ ಪಾಸ್‌ಪೋರ್ಟ್

ಹಿಮ ಬೀಳುವುದನ್ನು ನೋಡಬೇಕು ಅಂತ ಆಸೆಪಡುವವರನ್ನು ಕಂಡರೆ ನನಗೀಗ ಮರುಕ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ವಾಪಸ್ ಟಿಕೆಟ್ ಕೈಯಲ್ಲಿ ಇಟ್ಟುಕೊಂಡು ನಾಲ್ಕು ದಿನ ನೋಡಲಿ. ನಾನು ನಾಲ್ಕು ತಿಂಗಳು ನೋಡಿದೆ.

ನನ್ನದು ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹಳೆಯ ಕಾಗದ ರಿಪೇರಿ ಮಾಡುವ ಕೆಲಸ. ಹುಳ ತಿಂದ, ನೀರು ಕುಡಿದ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುವ ಹಾಳೆಗಳಿಗೆ ತೆಳ್ಳನೆಯ ಕಾಗದ ಅಂಟಿಸಿ ಇನ್ನಷ್ಟು ವರ್ಷ ಬದುಕಿಸುವುದು. ಆ ವರ್ಷ ನವೆಂಬರಿನಲ್ಲಿ ಶಿಮ್ಲಾದ ಒಂದು ಹಳೇ ಕಚೇರಿಯ ದಾಖಲೆಗಳಿಗೆ ತೇವ ಹಿಡಿದಿದೆ ಅಂತ ನನ್ನನ್ನು ಅಲ್ಲಿಗೆ ಕಳಿಸಿದರು. ಆರು ವಾರದ ಕೆಲಸ ಅಂದರು. ಬೆಟ್ಟದ ಮೇಲೆ ಕಾಗದ ಒಣಗುವುದಿಲ್ಲ ಅನ್ನುವುದು ಕಳಿಸಿದವರ ತಲೆಗೆ ಹೊಳೆದಿರಲಿಲ್ಲ. ದೆಹಲಿಯಲ್ಲಿ ಒಂದು ದಿನದಲ್ಲಿ ಒಣಗುವ ಹಾಳೆ ಅಲ್ಲಿ ಐದು ದಿನವಾದರೂ ಅಳುವ ಮಗುವಿನ ಮುಖದ ಹಾಗೆ ಒದ್ದೆಯಾಗಿಯೇ ಇರುತ್ತಿತ್ತು. ಮೈದಾ ಅಂಟನ್ನು ಕಾಯಿಸಿ ಮೇಜಿಗೆ ತರುವಷ್ಟರಲ್ಲಿ ಅದು ಗಟ್ಟಿ.

ಮೊದಲ ಹಿಮ ಬಿದ್ದ ದಿನ ನಾನೂ ಹುಚ್ಚಿಯ ಹಾಗೆ ಹೊರಗೆ ಓಡಿ ಅಂಗೈ ಒಡ್ಡಿದ್ದೆ, ಸುಳ್ಳು ಹೇಳುವುದಿಲ್ಲ. ದೆಹಲಿಗೆ ಫೋನ್ ಮಾಡಿ ಮಗಳಿಗೆ ವರ್ಣಿಸಿದ್ದೂ ವರ್ಣಿಸಿದ್ದೇ. ಎರಡನೇ ವಾರಕ್ಕೆ ನಲ್ಲಿ ಹೆಪ್ಪುಗಟ್ಟಿತು. ಮೂರನೇ ವಾರಕ್ಕೆ ನನ್ನ ಸ್ವೆಟರು, ಶಾಲು, ಹಾಸಿಗೆ, ಕೊನೆಗೆ ಅನ್ನ ಕೂಡ ಸೌದೆ ಒಲೆಯ ಹೊಗೆಯ ವಾಸನೆ ಹೊಡೆಯತೊಡಗಿತು. ಬಾಡಿಗೆ ಕೋಣೆಯ ಒಂದೇ ಕಿಟಕಿಗೆ ಹನ್ನೊಂದರಿಂದ ಒಂದು ಗಂಟೆಯವರೆಗೆ ಬಿಸಿಲು ಬರುತ್ತಿತ್ತು. ಭಾನುವಾರಗಳಲ್ಲಿ ನಾನು ಕುರ್ಚಿಯನ್ನು ಆ ಬಿಸಿಲಿನ ಜೊತೆ ಜೊತೆಗೆ ಗೋಡೆಯವರೆಗೂ ಸರಿಸುತ್ತಾ ಹೋಗುತ್ತಿದ್ದೆ. ಕಿಟಕಿಯಾಚೆ ಕೂತ ಕೋತಿಗಳು ನನ್ನನ್ನು ಕನಿಕರದಿಂದ ನೋಡುತ್ತಿದ್ದವು.

ಫೆಬ್ರುವರಿಯ ಕೊನೆಗೆ ಹಿಮ ಕರಗಿ ಚಾವಣಿಗಳಿಂದ ತೊಟ್ಟಿಕ್ಕಲು ಶುರುವಾದಾಗ ನನಗೊಂದು ಕಾಯಿಲೆ ಅಂಟಿತು. ಕೂತಲ್ಲಿ ಕೂರಲಾರೆ. ಕೆಲಸ ಮುಗಿದ ಮೇಲೆ ಪೇಟೆಯ ಬೀದಿಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯುವುದು. ಬಸ್ ನಿಲ್ದಾಣಕ್ಕೆ ಹೋಗಿ ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಬೋರ್ಡು ಓದುವುದು. ಚಹಾದ ಅಂಗಡಿಯ ಭಯ್ಯಾ, "ಮೇಡಂ, ದಿನಾ ಬಂದು ಬೋರ್ಡು ಓದ್ತೀರಿ, ಹೋಗೋದು ಮಾತ್ರ ಇಲ್ಲ" ಅಂತ ಹಿಂದಿಯಲ್ಲಿ ನಗಾಡಿದ. ಕಾಲಿಗೆ ಚಕ್ರ ಕಟ್ಟಿಕೊಂಡವಳು ಅಂತ ನಮ್ಮ ಕಡೆ ಬಯ್ಯುತ್ತಾರಲ್ಲ, ಹಾಗಾಗಿತ್ತು ನನ್ನ ಗತಿ.

ಆಗ ಬಂತು ಕಾಗದ. ಇಟಲಿಯ ಒಂದು ಊರಿನಲ್ಲಿ ಪ್ರವಾಹದಲ್ಲಿ ನೆಂದ ಪುಸ್ತಕಗಳನ್ನು ಉಳಿಸುವುದನ್ನು ಕಲಿಸುವ ಕಾರ್ಯಾಗಾರವಿತ್ತು. ಆರು ವಾರ. ನಮ್ಮ ಕಚೇರಿಯಿಂದ ಕಳಿಸಿದ್ದ ನನ್ನ ಅರ್ಜಿ ಒಪ್ಪಿಗೆಯಾಗಿತ್ತು. ಮಾರ್ಚ್ ಕೊನೆಯ ಬುಧವಾರ ಬೆಳಿಗ್ಗೆ ಅಲ್ಲಿ ಹಾಜರಿ ಹಾಕಬೇಕು, ಹಾಕದಿದ್ದರೆ ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ. ಕಾಗದ ಓದಿದವಳು ಆ ಚಳಿಯಲ್ಲೇ ಒಂದು ಸುತ್ತು ಕುಣಿದೆ. ಕುಣಿದು ಕೂತ ಮೇಲೆ ಕಾಗದವನ್ನು ಮಡಿಸಿ ದಿಂಬಿನ ಕೆಳಗೆ ಬಚ್ಚಿಟ್ಟೆ. ಯಾಕೆಂದರೆ ಇಂಥದ್ದೇ ಕಾಗದ ಹತ್ತು ವರ್ಷದ ಹಿಂದೆಯೂ ಬಂದಿತ್ತು.

ಆಗ ಮಗಳಿಗೆ ಎರಡು ವರ್ಷ. ಅವಳನ್ನು ನೋಡಿಕೊಳ್ಳಲೆಂದೇ ಅತ್ತೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದಿದ್ದರು. ಟಿಕೆಟ್ಟಿನ ದಿನ ಗೊತ್ತಾದ ಕೂಡಲೇ ಅತ್ತೆ ಪಂಚಾಂಗ ತೆಗೆದರು, ಕನ್ನಡಕ ಏರಿಸಿದರು, ಬೆರಳು ಮಡಿಸಿ ಎಣಿಸಿದರು. "ದಿನ ಚೆನ್ನಾಗಿಲ್ಲ. ಸಮುದ್ರ ದಾಟೋ ಪ್ರಯಾಣ, ಮನೇಲಿ ಪುಟ್ಟ ಮಗು. ಬೇಡ" ಅಂದರು. ಬೇರೆ ದಿನ ಸಿಗುವಂತಿರಲಿಲ್ಲ. ನನ್ನ ಗಂಡ, "ಅಮ್ಮನ ಮನಸ್ಸು ನೋಯಿಸೋದು ಬೇಡ, ಇನ್ನೊಂದು ಸಲ ನೋಡೋಣ" ಅಂದರು. ನಾನೂ ತಲೆಯಾಡಿಸಿಬಿಟ್ಟೆ. ನನ್ನ ಬದಲು ಹೋದ ಸಹೋದ್ಯೋಗಿ ವಾಪಸ್ ಬಂದು ತಿಂಗಳುಗಟ್ಟಲೆ ಅಲ್ಲಿನ ಕತೆ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಊಟದ ಡಬ್ಬಿ ಮುಂದಿಟ್ಟುಕೊಂಡು ದಿನಾ ಕೇಳಬೇಕಾಗಿತ್ತು. ಅತ್ತೆಯ ಜೊತೆ ನಾನು ಅದರ ಮಾತೆತ್ತಲಿಲ್ಲ. ಅವರೂ ಎತ್ತಲಿಲ್ಲ. ನಾವಿಬ್ಬರೂ ಬಾಕಿ ಎಲ್ಲದಕ್ಕೂ ಜಗಳವಾಡುವವರು, ಸಾರಿಗೆ ಬೆಲ್ಲ ಜಾಸ್ತಿಯಾದರೂ ಜಗಳ. ಇದೊಂದಕ್ಕೆ ಮಾತ್ರ ಆಡಲಿಲ್ಲ.

ಈ ಸಲ ಯಾರು ಏನೇ ಅನ್ನಲಿ, ಹೋಗಿಯೇ ಹೋಗುತ್ತೇನೆ ಅಂತ ಹಲ್ಲು ಕಚ್ಚಿಕೊಂಡೇ ನಾನು ಬೆಟ್ಟ ಇಳಿದೆ.

ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಮುಂದೆ ಕೆಂಪು ಬೂರುಗ ಹೂ ಬಿಟ್ಟಿತ್ತು. ದಪ್ ದಪ್ ಅಂತ ಹೂ ಕಾರುಗಳ ಮೇಲೆ ಬೀಳುತ್ತಿತ್ತು. ನಾಲ್ಕು ತಿಂಗಳು ಬಿಳಿ ಬಿಟ್ಟು ಬೇರೆ ಬಣ್ಣ ನೋಡದ ಕಣ್ಣಿಗೆ ಅದೇ ಹಬ್ಬ. ಅತ್ತೆ ಬಾಗಿಲಲ್ಲೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕರ್ರಗಾಗಿದ್ದೀಯ. ಹಿಮದಲ್ಲಿ ಬೆಳ್ಳಗಾಗ್ತಾರೆ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಇಟಲಿಗೆ ಯಾವತ್ತು ಹೊರಡೋದು?" ಅಂತ ಕೇಳಿದರು.

"ಇಪ್ಪತ್ತು ದಿನ ಇದೆ. ಮಂಗಳವಾರ ಮಧ್ಯಾಹ್ನದ ವಿಮಾನ" ಅಂದೆ, ಜಗಳಕ್ಕೆ ತಯಾರಾಗಿ.

ಅತ್ತೆ ಪಂಚಾಂಗ ತೆಗೆದರು. ನನ್ನ ಎದೆ ಹೊಡೆದುಕೊಂಡ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

"ಅಮಾವಾಸ್ಯೆ. ಮೇಲೆ ಮಂಗಳವಾರ" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪುಸ್ತಕ ಮುಚ್ಚಿ, "ಭಾನುವಾರ ಬೆಳಿಗ್ಗೆ ಚೆನ್ನಾಗಿದೆ. ಆವತ್ತು ಪ್ರಸ್ಥಾನ ಇಟ್ಟುಬಿಡೋಣ. ಮಂಗಳವಾರ ನೀನು ಆರಾಮಾಗಿ ಹೋಗು" ಅಂತ ಒಳಗೆ ನಡೆದರು.

ಪ್ರಸ್ಥಾನ ಅಂದರೆ ಇಷ್ಟೆ. ಹೊರಡಬೇಕಾದ ದಿನ ಸರಿಯಿಲ್ಲದಿದ್ದರೆ ಅದಕ್ಕೂ ಮೊದಲಿನ ಒಂದು ಒಳ್ಳೆಯ ದಿನ ಪ್ರಯಾಣಿಕರ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ದಾರಿಯಲ್ಲಿ ಆ ಚೀಲ ಎತ್ತಿಕೊಂಡು ಹೋಗಬೇಕು, ಮನೆಗೆ ಮಾತ್ರ ತಿರುಗಿ ಬರಬಾರದು. ದೇವರಿಗೂ ಟೋಪಿ ಹಾಕುವ ಈ ಉಪಾಯ ಕಂಡುಹಿಡಿದ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಆ ಇಪ್ಪತ್ತು ದಿನ ಮನೆ ಮದುವೆಮನೆಯಾಯಿತು. ನನ್ನ ಮೇಲೆ ಯಾವ ಕೇಸೂ ಇಲ್ಲ ಅಂತ ಕಚೇರಿಯ ಏಳು ಮೇಜುಗಳಿಂದ ಸಹಿ ತಂದೆ. ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಚಳಿಗಾಲದ ಸರಕು ಅಗ್ಗಕ್ಕೆ ಸುರಿದಿದ್ದರು. ಮಗಳನ್ನು ಕರೆದುಕೊಂಡು ಹೋಗಿ ಒಂದು ನೀಲಿ ಕೋಟು ತಂದೆ. ಮನೆಗೆ ಬಂದು ಹಾಕಿಕೊಂಡರೆ ಮಗಳು ನಕ್ಕೂ ನಕ್ಕೂ ಮಂಚದ ಮೇಲೆ ಬಿದ್ದಳು. "ಅಮ್ಮ, ನೀನು ಬಿಲ್ಕುಲ್ ಬ್ಯಾಂಡ್‌ವಾಲಾ ಥರ ಕಾಣ್ತೀಯ!" ಅತ್ತೆ ಚಟ್ನಿಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು ಅಂತ ಮೂರು ದಿನ ಹುರಿದು ಕುಟ್ಟಿದರು. "ಅಜ್ಜಿ, ಇಟಲಿಯಲ್ಲಿ ಪಾಸ್ತಾ ಸಿಗತ್ತೆ ನಾ, ಇದೆಲ್ಲ ಯಾಕೆ?" ಅಂತ ಮಗಳು ಕೇಳಿದ್ದಕ್ಕೆ, "ಅದಕ್ಕೇ ಹುಳಿಪುಡಿ ಕೊಡ್ತಿರೋದು, ಅದರ ಮೇಲೆ ಉದುರಿಸ್ಕೊಳ್ಲಿ" ಅಂದರು.

ನನಗಂತೂ ದಿನಕ್ಕೆ ಹತ್ತು ಸಲ ಬೀರು ತೆಗೆದು ಪಾಸ್‌ಪೋರ್ಟು ಅಲ್ಲೇ ಇದೆಯೇ ಅಂತ ನೋಡುವ ಚಟ ಹತ್ತಿತು. ಅತ್ತೆ ರೇಗಿ, "ಅದೇನು ಕಾಲು ಬಂದು ಓಡಿಹೋಗತ್ತಾ? ಸಾಕು!" ಅಂತ ಬೀರುವಿನ ಕೀಲಿಯನ್ನು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಭಾನುವಾರ ಪ್ರಸ್ಥಾನಕ್ಕೆ ಅಂತ ಒಂದು ಕೈಚೀಲದಲ್ಲಿ ಶಾಲು, ಒಂದು ಸೀರೆ ಇಟ್ಟು ಕೊಟ್ಟೆ. ಅತ್ತೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಎರಡು ಬ್ಲಾಕಿನಾಚೆ ಒಬ್ಬರೇ ಇರುವ, ನಮ್ಮ ಕನ್ನಡದವರೇ ಆದ ಟೀಚರ್ ಒಬ್ಬರ ಮನೆಗೆ ಒಯ್ದು ಇಟ್ಟು ಬಂದರು. ಆಕೆ ಸರೋಜಿನಿ ನಗರದ ಒಂದು ಶಾಲೆಯಲ್ಲಿ ಗಣಿತ ಕಲಿಸುವವರು. ಗಂಡನಿಗೆ ನಾಗಪುರದಲ್ಲಿ ಕೆಲಸ. "ಮಂಗಳವಾರ ನಂಗೆ ರಜ. ಬಾಗಿಲಲ್ಲೇ ಕಾಯ್ತಿರ್ತೀನಿ, ಕಾಫಿ ಕುಡ್ಕೊಂಡೇ ಹೋಗ್ಬೇಕು" ಅಂದಿದ್ದರು.

ಮಂಗಳವಾರ ಬಂತು. ಗಂಡ ಆಫೀಸಿನ ಕೆಲಸದ ಮೇಲೆ ಗುವಾಹಟಿಯಲ್ಲಿ. ಮಗಳು ನನ್ನನ್ನು ಅಪ್ಪಿಕೊಂಡು, ತರಬೇಕಾದ ಚಾಕ್‌ಲೇಟಿನ ಪಟ್ಟಿ ಕೈಗಿತ್ತು, ತನ್ನ ಪರೀಕ್ಷೆಗೆ ಓಡಿದಳು. ವಿಮಾನ ಮೂರೂ ಮುಕ್ಕಾಲಿಗೆ, ಒಂದು ಗಂಟೆಯ ಹೊತ್ತಿಗೆ ಅಲ್ಲಿರಬೇಕು. ಹತ್ತು ಗಂಟೆಗೆ ಕೆಳಗೆ ಸರ್ದಾರ್ಜಿಯ ಟ್ಯಾಕ್ಸಿ ಬಂದು ನಿಂತಿತು. ನಾನು ಬ್ಯಾಂಡಿನ ಕೋಟು ತೊಟ್ಟು, "ಅತ್ತೆ, ಬೀರು ತೆಗೀರಿ, ಪಾಸ್‌ಪೋರ್ಟು ಟಿಕೆಟ್ಟು ಕೊಡಿ" ಅಂದೆ.

"ಅದಾ? ಅದು ಭಾನುವಾರವೇ ಹೊರಟಾಯ್ತಲ್ಲ" ಅಂದರು ಅತ್ತೆ.

"ಏನಂದ್ರಿ?"

"ಪ್ರಸ್ಥಾನದ ಚೀಲದಲ್ಲಿ ಇಟ್ಟಿದ್ದೀನಿ. ಶಾಲು, ಸೀರೆ ಇಲ್ದೇನೂ ನೀನು ಹೋಗಿಬಿಡ್ತೀಯ. ಅದು ಎಂಥಾ ಪ್ರಸ್ಥಾನ? ಯಾವುದು ಇಲ್ದೆ ಹೋಗಕ್ಕಾಗಲ್ವೋ ಅದನ್ನೇ ಇಡ್ಬೇಕು."

ಶಾಸ್ತ್ರ ಏನೋ ಸರಿಯೇ. ಕೋಪ ಬಂದರೂ ನಗು ಬಂತು. ಹೇಗೂ ಚೀಲ ಎತ್ತಿಕೊಂಡೇ ಹೋಗಬೇಕಲ್ಲ ಅಂತ ಸಮಾಧಾನ ಮಾಡಿಕೊಂಡು ದೇವರಿಗೆ ದೀಪ ಹಚ್ಚಿ ಇಳಿದೆ. ಟೀಚರ್ ಮನೆಯವರೆಗೆ ಬಂದು ಬೀಳ್ಕೊಡುತ್ತೇನೆ ಅಂತ ಅತ್ತೆಯೂ ಟ್ಯಾಕ್ಸಿ ಹತ್ತಿದರು.

ಟೀಚರ್ ಮನೆಗೆ ಬೀಗ.

ಬೀಗ ಅಂದರೆ ಸಣ್ಣದಲ್ಲ, ನನ್ನ ಅಂಗೈಯಗಲದ್ದು. ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್. ಕೆಳಗಿನ ಮನೆಯ ಪಂಜಾಬಿ ಆಂಟಿ ಬಟ್ಟೆ ಒಣಹಾಕುತ್ತಿದ್ದವರು, "ಮೇಡಂ ತೋ ಎಕ್ಸಾಮ್ ಡ್ಯೂಟಿ ಪರ್ ಗಯೀ. ಯಾರೋ ಟೀಚರಿಗೆ ಜ್ವರವಂತೆ, ಬೆಳಿಗ್ಗೆ ಏಳಕ್ಕೆ ಫೋನ್ ಬಂತು, ಗಡಿಬಿಡಿಯಲ್ಲಿ ಓಡಿದರು" ಅಂದರು. ಕೊಠಡಿಯಲ್ಲಿ ಮೇಲ್ವಿಚಾರಣೆ. ಹತ್ತೂವರೆಯಿಂದ ಒಂದೂವರೆ. ಅಲ್ಲಿಯವರೆಗೆ ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ.

ಆಗ ನನ್ನ ಬಾಯಿಂದ ಏನೇನು ಬಂತೋ ಬರೆಯಲು ನಾಚಿಕೆ. "ನಿಮ್ಮ ಶಾಸ್ತ್ರಕ್ಕೆ ಬೆಂಕಿ ಬೀಳ! ಹತ್ತು ವರ್ಷದ ಹಿಂದೆ ಪಂಚಾಂಗ ತೋರಿಸಿ ನಿಲ್ಲಿಸಿದ್ರಿ, ಈಗ ಬೀಗ ತೋರಿಸಿ ನಿಲ್ಲಿಸ್ತಿದ್ದೀರಿ!" ಅಂತ ಮೆಟ್ಟಿಲ ಮೇಲೆ ನಿಂತು ಕೂಗಿದೆ. ಹತ್ತು ವರ್ಷ ಆಡದಿದ್ದ ಜಗಳ ಆ ಒಂದು ನಿಮಿಷದಲ್ಲಿ ಹೊರಬಿತ್ತು. ಅತ್ತೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತು, ಸರ್ದಾರ್ಜಿಗೆ, "ಭಯ್ಯಾ, ಸ್ಕೂಲ್ ಚಲೋ" ಅಂದರು.

ಶಾಲೆಯ ಗೇಟು ಮುಚ್ಚಿತ್ತು. ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ನಾನು ವಿಷಯ ಹೇಳಿದೆ. ಆತ ತಲೆ ಅಲ್ಲಾಡಿಸಿದ. ಒಳಗೆ ಪೇಪರ್ ನಡೀತಿದೆ, ಪರಿಂದಾ ಕೂಡ ಒಳಗೆ ಹೋಗುವಂತಿಲ್ಲ ಅಂದ.

"ಪರಿಂದಾ ಅಂದ್ರೆ?" ಅತ್ತೆ ನನ್ನನ್ನು ಕೇಳಿದರು.

"ಹಕ್ಕಿ."

"ಹಕ್ಕಿಗೆ ಪಾಸ್‌ಪೋರ್ಟ್ ಬೇಕಾಗಿಲ್ಲ ಅಂತ ಹೇಳು ಅವನಿಗೆ!"

ನಾನು ಹೇಳುವುದಕ್ಕೂ ಅವರು ಕಾಯಲಿಲ್ಲ. ತಾವೇ ಶುರುಮಾಡಿದರು. ದೆಹಲಿಗೆ ಬಂದು ಹತ್ತು ವರ್ಷವಾದರೂ ಅತ್ತೆಯ ಹಿಂದಿ ತರಕಾರಿ ಗಾಡಿಯಿಂದ ಮುಂದಕ್ಕೆ ಹೋಗಿರಲಿಲ್ಲ. ಕಿತನಾ, ಮೆಹಂಗಾ, ನಹೀ ಚಾಹಿಯೇ, ಇಷ್ಟರಲ್ಲೇ ಸಂಸಾರ. ಅಂಗಡಿಯಲ್ಲಿ ಯಾರಾದರೂ ನಾಲ್ಕು ಮಾತು ಜಾಸ್ತಿ ಆಡಿದರೆ ನನ್ನ ಬೆನ್ನ ಹಿಂದೆ ಸರಿಯುವವರು. ಅಂಥವರು ಆವತ್ತು ಗೇಟಿನ ಕಂಬಿ ಹಿಡಿದು ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಎತ್ತಿದ ದನಿಗೆ ಎದುರಿನ ಮರದ ಗಿಳಿಗಳು ಹಾರಿಹೋದವು. ಗಾಬರಿಗೆ ಕಾವಲುಗಾರ ಎದ್ದು ನಿಂತ. ಅತ್ತೆ ಅವನ ಸ್ಟೂಲಿನ ಮೇಲೆ ಕೂತುಬಿಟ್ಟರು. ಸರ್ದಾರ್ಜಿ ಟ್ಯಾಕ್ಸಿ ಬಿಟ್ಟು ಬಂದು, "ಶಾಬಾಶ್ ಮಾತಾಜಿ" ಅಂತ ಪಕ್ಕದಲ್ಲಿ ನಿಂತ.

ಕೊನೆಗೆ ಪರೀಕ್ಷೆಯ ಉಸ್ತುವಾರಿಯ ಮೇಡಂ ತಾವೇ ಹೊರಗೆ ಬಂದರು. ಕತ್ತಿನಲ್ಲಿ ಕನ್ನಡಕದ ಸರ, ಮುಖದಲ್ಲಿ ಸಿಡುಕು. ಮಕ್ಕಳು ಬರೆಯುತ್ತಿದ್ದಾರೆ, ಇದೇನು ಗಲಾಟೆ ಅಂದರು. ಅತ್ತೆ ಎದ್ದು ನಿಂತು ಕೈ ಮುಗಿದರು. ದನಿ ಇಳಿಸಿದರು.

"ಮೇಡಂ ಜೀ, ಮೇರಾ ಬಹೂ ವಿದೇಶ್ ಜಾತಾ ಹೈ. ಪಾಸ್‌ಪೋರ್ಟ್ ಟೀಚರ್ ಕಾ ಘರ್ ಮೇ. ಮೈ ರಖಾ. ಇಸ್ಕಾ ಗಲ್ತೀ ನಹೀ, ಮೇರಾ ಗಲ್ತೀ." ಒಂದು ಸಲ ನನ್ನ ಕಡೆ ನೋಡಿ ಮತ್ತೆ ಆಕೆಯ ಕಡೆ ತಿರುಗಿದರು. "ದಸ್ ಸಾಲ್ ಪೆಹಲೇ ಭೀ ಯೇ ಜಾನಾ ಥಾ. ಮೈ ರೋಕಾ. ಆಜ್ ಭೀ ಮೈ ರೋಕಾ ತೋ..." ಮುಂದಿನ ಹಿಂದಿ ಸಿಗಲಿಲ್ಲ. ಕನ್ನಡದಲ್ಲೇ ಮುಗಿಸಿದರು. "ನಾನು ಯಾವ ಮುಖ ಹೊತ್ಕೊಂಡು ಅವಳ ಮನೇಲಿರ್ಲಿ?"

ತಪ್ಪು ಸೊಸೆಯದಲ್ಲ ನನ್ನದು, ಹತ್ತು ವರ್ಷದ ಹಿಂದೆಯೇ ಹೋಗಬೇಕಿದ್ದ ಅವಳನ್ನು ತಡೆದದ್ದೂ ನಾನೇ ಅಂತ, ನನ್ನೆದುರು ಯಾವತ್ತೂ ಆಡದ ಮಾತನ್ನು ಅತ್ತೆ ಗುರುತಿಲ್ಲದ ಮೂವರ ಮುಂದೆ ಬಾರದ ಭಾಷೆಯಲ್ಲಿ ಒಪ್ಪಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ನಾನು ಕೂಗಿದ್ದೆಲ್ಲ ನೆನಪಾಗಿ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಮೇಡಮ್ಮಿಗೆ ಕೊನೆಯ ಕನ್ನಡದ ಸಾಲು ಅರ್ಥವಾಗಿರಲಾರದು, ಆದರೂ ಅರ್ಥವಾಯಿತು. ಒಳಗೆ ಹೋದರು. ಟೀಚರನ್ನು ಹೊರಗೆ ಕಳಿಸುವ ಹಾಗಿಲ್ಲ, ಕೀಲಿ ಕಳಿಸಬಾರದು ಅಂತ ಯಾವ ನಿಯಮವೂ ಇಲ್ಲ ಅನ್ನುತ್ತಾ ಐದು ನಿಮಿಷದಲ್ಲಿ ಕೀಲಿಗೊಂಚಲು ತಂದರು. "ನಿಮ್ಮ ಟೀಚರ್ ಒಳಗೆ ಅಳೋದೊಂದು ಬಾಕಿ. ಹೋಗಿ, ಜಲ್ದಿ ಹೋಗಿ" ಅಂತ ಹಿಂದಿಯಲ್ಲಿ ಗದರಿ, ನನ್ನ ಕಿವಿಯ ಹತ್ತಿರ ಬಂದು, "ನನ್ನ ಅತ್ತೆ ನನಗೋಸ್ಕರ ರಸ್ತೆ ಕೂಡ ದಾಟುತ್ತಿರಲಿಲ್ಲ" ಅಂದರು.

ವಾಪಸ್ ಲೋಧಿ ಕಾಲೋನಿಗೆ ಸರ್ದಾರ್ಜಿ ಓಡಿಸಿದ ರೀತಿ ನೆನೆಸಿಕೊಂಡರೆ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಟೀಚರ್ ಮನೆಯ ದೇವರ ಮುಂದೆ ಚೀಲ ಇತ್ತು, ಚೀಲದಲ್ಲಿ ಪಾಸ್‌ಪೋರ್ಟಿತ್ತು, ಅದರ ಮೇಲೆ ಅಗಲವಾಗಿ ಕುಂಕುಮವಿತ್ತು. ಬೀಗ ಹಾಕಿ ಕೀಲಿಯನ್ನು ಪಂಜಾಬಿ ಆಂಟಿಗೆ ಕೊಟ್ಟೆವು. ಗಂಟೆ ಹನ್ನೆರಡು. ಅತ್ತೆ ಇಳಿದು ಮನೆ ಕಡೆ ಹೊರಟರೆ ಸರ್ದಾರ್ಜಿ ಬಿಡಲಿಲ್ಲ. "ಮಾತಾಜಿ ಇಲ್ಲದೆ ಈ ಗಾಡಿ ಹೊರಡಲ್ಲ" ಅಂದ. ಅತ್ತೆ ನನ್ನ ಪಕ್ಕ ಕೂತರು. ಹಾದಿಯ ಅರ್ಧ ಇಬ್ಬರೂ ನಕ್ಕಿದ್ದೇ ಬಂತು. ಅತ್ತೆ ಕಾವಲುಗಾರ ಎದ್ದು ನಿಂತದ್ದನ್ನು ನಟಿಸಿ ತೋರಿಸಿದರು. ಅಮಾವಾಸ್ಯೆ ಮಂಗಳವಾರ ಅನ್ನುವುದು ನಮಗಿಬ್ಬರಿಗೂ ಮರೆತೇ ಹೋಗಿತ್ತು.

ನಗು ನಿಂತ ಮೇಲೆ, ಮೆಟ್ಟಿಲ ಮೇಲಿನ ಮಾತಿಗೆ ತಪ್ಪಾಯಿತು ಅನ್ನಲು ಹೇಗೆ ಶುರುಮಾಡುವುದೋ ತಿಳಿಯದೆ, "ಆ ಸಲದ ದಿನ ಅಷ್ಟೊಂದು ಕೆಟ್ಟದಿತ್ತಾ ಅತ್ತೆ?" ಅಂತ ಸುಮ್ಮನೆ ಕೇಳಿದೆ.

ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. "ಎಲ್ಲಿ ಕೆಟ್ಟದು? ದಶಮಿ, ಗುರುವಾರ. ಅದಕ್ಕಿಂತ ಒಳ್ಳೇ ದಿನ ಆ ತಿಂಗಳಲ್ಲೇ ಇರ್ಲಿಲ್ಲ."

"ಮತ್ತೆ ಯಾಕೆ..."

"ಹೆದರಿಕೆ ಆಯ್ತು ಕಣೇ. ನಿನ್ನ ಗಂಡ ಬೆಳಿಗ್ಗೆ ಹೋದ್ರೆ ರಾತ್ರಿ ಬರೋನು. ಗುರುತಿಲ್ಲದ ಊರು, ಬಾರದ ಭಾಷೆ, ಕೈಯಲ್ಲಿ ಎರಡು ವರ್ಷದ ಕೂಸು. ಅದಕ್ಕೆ ಜ್ವರ ಬಂದ್ರೆ ಡಾಕ್ಟ್ರಿಗೆ ಏನಂತ ಹೇಳ್ಲಿ ಅನ್ನೋದೂ ಗೊತ್ತಿರ್ಲಿಲ್ಲ. ನಂಗೆ ಭಯ ಅಂತ ಸೊಸೆ ಹತ್ರ ಹೇಳಕ್ಕಾಗುತ್ತಾ? ಪಂಚಾಂಗದ ಮೇಲೆ ಹಾಕ್ದೆ."

ಹತ್ತು ವರ್ಷ! ಸಿಟ್ಟು ನೆತ್ತಿಗೇರಿತು, ಇಲ್ಲ ಅನ್ನುವುದಿಲ್ಲ. ಅತ್ತೆಯ ಕಡೆ ತಿರುಗಿದೆ. ಗೇಟಿನ ಕಂಬಿಯ ತುಕ್ಕು ಅವರ ಅಂಗೈಗೆ ಇನ್ನೂ ಅಂಟಿಕೊಂಡಿತ್ತು. ಆ ಕೈ ಹಿಡಿದುಕೊಂಡೆ.

"ಕೋಪ ಬಂತಾ?" ಅಂದರು.

"ಬಂತು. ತುಂಬಾ ಬಂತು."

"ಬರ್ಲಿ. ಇಟಲೀಲಿ ಕೂತ್ಕೊಂಡು ಮನಸಾರೆ ಬಯ್ಕೋ."

"ಆರು ವಾರ ಸಾಲಲ್ಲ ಅತ್ತೆ."

"ಹಾಗಾದ್ರೆ ಇನ್ನೊಂದ್ಸಲ ಹೋಗ್ಬಾ" ಅಂದರು ಅತ್ತೆ. "ಮನೆಗೆ ನಾನಿದ್ದೀನಿ."